ಗಾತ್ರ ಕಿರಿದು, ಲೆಕ್ಕ ಹಿರಿದು: ಪುಟ್ಟ ವ್ಯಾಕ್ಯೂಮ್ ಕ್ಲೀನರ್‌ಗಳ ವಿನ್ಯಾಸದಲ್ಲಿ ಕೊಡು-ಕೊಳ್ಳುವಿಕೆ

ಗೃಹೋಪಯೋಗಿ ವಸ್ತುಗಳ ಮಳಿಗೆಗೆ ವ್ಯಾಕ್ಯೂಮ್ ಕ್ಲೀನರ್ ಕೊಳ್ಳಲು ಬರುವ ಗ್ರಾಹಕರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಮೊದಲು ಯಂತ್ರವನ್ನು ಕೈಯಲ್ಲಿ ಎತ್ತಿ ತೂಕ ನೋಡುತ್ತಾರೆ. ಅನಂತರ 'ಎಷ್ಟು ವ್ಯಾಟ್?' ಎಂದು ಕೇಳುತ್ತಾರೆ. ಯಂತ್ರ ಹಗುರವಾಗಿರಬೇಕು, ಮಂಚದಡಿಗೂ ಸೋಫಾದ ಸಂದಿಗೂ ಸಲೀಸಾಗಿ ಹೋಗಬೇಕು, ಆದರೂ ದೊಡ್ಡ ಯಂತ್ರದಷ್ಟೇ ಬಲವಾಗಿ ಧೂಳು ಹೀರಬೇಕು, ಸದ್ದು ಕಡಿಮೆಯಿರಬೇಕು, ಬೆಲೆಯೂ ಕೈಗೆಟುಕುವಂತಿರಬೇಕು. ಈ ಐದು ಬೇಡಿಕೆಗಳನ್ನು ಒಂದೇ ಯಂತ್ರದಲ್ಲಿ ಪೂರ್ಣವಾಗಿ ಈಡೇರಿಸಲು ಭೌತಶಾಸ್ತ್ರದ ನಿಯಮಗಳು ಅವಕಾಶ ನೀಡುವುದಿಲ್ಲ. ಒಂದೆಡೆ ಉಳಿಸಿದ್ದನ್ನು ಮತ್ತೊಂದೆಡೆ ತೆರಲೇಬೇಕಾಗುತ್ತದೆ. ಏನನ್ನು ಎಲ್ಲಿ ತೆರಬೇಕೆಂಬ ನಿರ್ಧಾರವೇ ವಿನ್ಯಾಸದ ತಿರುಳು. ಈ ಲೆಕ್ಕವನ್ನು ಅರಿಯದೆ ಮಾಲು ತರಿಸುವ ವರ್ತಕರು ದೂರುಗಳನ್ನು ಎದುರಿಸಬೇಕಾಗುತ್ತದೆ. ಅರಿಯದೆ ಅಚ್ಚಿಗೆ ಹಣ ಹೂಡುವ ತಯಾರಕರಿಗೆ ಬಂಡವಾಳವೇ ನಷ್ಟವಾಗುವ ಅಪಾಯವಿದೆ.

ಕುದುರೆಗಾಡಿಯಿಂದ ಅಂಗೈಗೆ

1901ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಅವರು ಪೇಟೆಂಟ್ ಪಡೆದ ಯಂತ್ರ ಮನೆಯೊಳಗೆ ಹೋಗುವಂಥದ್ದಾಗಿರಲಿಲ್ಲ. ಇಂಜಿನ್ ಮತ್ತು ಪಂಪನ್ನು ಹೊತ್ತ ಕುದುರೆಗಾಡಿ ಬೀದಿಯಲ್ಲೇ ನಿಲ್ಲುತ್ತಿತ್ತು. ಉದ್ದನೆಯ ಕೊಳವೆಗಳು ಕಿಟಕಿಗಳ ಮೂಲಕ ಒಳಹೋಗಿ ಧೂಳನ್ನು ಹೀರುತ್ತಿದ್ದವು. ಏಳು ವರ್ಷಗಳ ಅನಂತರ, 1908ರಲ್ಲಿ, ಅಮೆರಿಕದ ಒಹಾಯೋ ರಾಜ್ಯದ ಕ್ಯಾಂಟನ್ ಪಟ್ಟಣದಲ್ಲಿ ಮಳಿಗೆಯೊಂದರ ಸ್ವಚ್ಛತಾ ಕೆಲಸ ನೋಡಿಕೊಳ್ಳುತ್ತಿದ್ದ ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್ ಅವರು ಒಬ್ಬರೇ ನೂಕಬಹುದಾದ ವಿದ್ಯುತ್ ಯಂತ್ರಕ್ಕೆ ಪೇಟೆಂಟ್ ಪಡೆದರು. ಪೊರಕೆಯ ಧೂಳಿನಿಂದ ಅವರಿಗೆ ಉಬ್ಬಸದ ತೊಂದರೆಯಾಗುತ್ತಿದ್ದುದೇ ಈ ಪ್ರಯತ್ನಕ್ಕೆ ಪ್ರೇರಣೆಯಾಗಿತ್ತು. ಆ ಹಕ್ಕನ್ನು ಕೊಂಡ ಹೂವರ್ ಕುಟುಂಬದ ಹೆಸರು ಮುಂದೆ ಬ್ರಿಟನ್ನಿನಲ್ಲಿ ಈ ಯಂತ್ರದ ಪರ್ಯಾಯ ನಾಮವೇ ಆಯಿತು.

1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಸಂಸ್ಥೆ ಅಡ್ಡಲಾಗಿ ಮಲಗಿಸಿದ ಕೊಳವೆಯಾಕಾರದ ಯಂತ್ರಕ್ಕೆ ಜಾರುಪಟ್ಟಿಗಳನ್ನು ಜೋಡಿಸಿ, ಬಳಸುವವರು ಹಿಂದೆ ಎಳೆದುಕೊಂಡು ಹೋಗುವಂತೆ ಮಾಡಿತು. 1950ರ ದಶಕದಲ್ಲಿ ಹೂವರ್ ಸಂಸ್ಥೆಯ 'ಕಾನ್ಸ್ಟಲೇಷನ್' ಎಂಬ ಗೋಳಾಕಾರದ ಯಂತ್ರ ತಾನು ಹೊರಬಿಡುವ ಗಾಳಿಯನ್ನೇ ಕೆಳಮುಖವಾಗಿ ಹರಿಸಿ ಅದರ ಮೇಲೆ ತೇಲುತ್ತಿತ್ತು. 1979ರಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಸಂಸ್ಥೆಯ 'ಡಸ್ಟ್‌ಬಸ್ಟರ್' ಯಂತ್ರವನ್ನು ಒಂದೇ ಕೈಯ ಅಳತೆಗೆ ತಂದಿತು. ಹೀಗೆ ಪ್ರತಿ ಹಂತದಲ್ಲೂ ಗಾತ್ರ ಕುಗ್ಗಿದೆ, ಚಲನೆ ಸುಲಭವಾಗಿದೆ. ಆದರೆ ಗಾಳಿ ಧೂಳನ್ನು ಎತ್ತುವ ನಿಯಮ ಬೂತ್ ಅವರ ಕಾಲದಲ್ಲಿ ಇದ್ದಂತೆಯೇ ಇದೆ.

ವ್ಯಾಟ್ ಹೇಳುವುದೇನು, ಹೇಳದಿರುವುದೇನು

ಪೆಟ್ಟಿಗೆಯ ಮೇಲೆ ಮುದ್ರಿಸಿರುವ ವ್ಯಾಟ್ ಯಂತ್ರ ಎಷ್ಟು ವಿದ್ಯುತ್ ತಿನ್ನುತ್ತದೆ ಎಂಬುದನ್ನು ತಿಳಿಸುತ್ತದೆಯೇ ಹೊರತು ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನಲ್ಲ. ಧೂಳನ್ನು ಎತ್ತುವುದು ಚಲಿಸುವ ಗಾಳಿ. ಅದನ್ನು ಅಳೆಯಲು ಎರಡು ಸಂಖ್ಯೆಗಳು ಬೇಕು. ಒಂದು, ಯಂತ್ರ ಉಂಟುಮಾಡುವ ಒತ್ತಡದ ವ್ಯತ್ಯಾಸ. ಇನ್ನೊಂದು, ಪ್ರತಿ ಸೆಕೆಂಡಿಗೆ ಹರಿಯುವ ಗಾಳಿಯ ಪ್ರಮಾಣ. ಹೀರುವ ಬಾಯಿಯನ್ನು ಪೂರ್ತಿ ಮುಚ್ಚಿದಾಗ ಒತ್ತಡ ಗರಿಷ್ಠವಾಗಿರುತ್ತದೆ, ಹರಿವು ಸೊನ್ನೆ. ಪೂರ್ತಿ ತೆರೆದಾಗ ಹರಿವು ಗರಿಷ್ಠ, ಒತ್ತಡ ಸೊನ್ನೆಗೆ ಸಮೀಪ. ಜಾಹೀರಾತಿನಲ್ಲಿ ಕಾಣುವುದು ಇವೆರಡರ ಗರಿಷ್ಠ ಅಂಕಿಗಳು. ಅವೆರಡೂ ಏಕಕಾಲಕ್ಕೆ ಎಂದಿಗೂ ದೊರೆಯುವುದಿಲ್ಲ.

ಒಂದು ಉದಾಹರಣೆ ನೋಡಬಹುದು. ಗರಿಷ್ಠ ಒತ್ತಡ 20 ಕಿಲೋಪ್ಯಾಸ್ಕಲ್, ಗರಿಷ್ಠ ಹರಿವು ಸೆಕೆಂಡಿಗೆ 40 ಲೀಟರ್ ಇರುವ ಯಂತ್ರದ ಈ ಎರಡು ಅಂಕಿಗಳನ್ನು ಗುಣಿಸಿದರೆ 800 ವ್ಯಾಟ್ ಬರುತ್ತದೆ. ವಾಸ್ತವದಲ್ಲಿ ಒಂದು ಏರಿದಂತೆ ಇನ್ನೊಂದು ಇಳಿಯುವುದರಿಂದ ನಿಜವಾಗಿ ದೊರೆಯುವ ಗರಿಷ್ಠ ಹೀರುಶಕ್ತಿ ಅದರ ಸುಮಾರು ನಾಲ್ಕನೇ ಒಂದು ಭಾಗ, ಅಂದರೆ 200 ವ್ಯಾಟ್ ಮಾತ್ರ. ಉಳಿದ ವಿದ್ಯುತ್ತಿನ ಬಹುಪಾಲು ಶಾಖವಾಗಿ ಕಳೆದುಹೋಗುತ್ತದೆ.

ಈ ವಿಷಯವನ್ನು ಯುರೋಪಿನ ಅನುಭವ ಸ್ಪಷ್ಟಪಡಿಸಿದೆ. ಐರೋಪ್ಯ ಒಕ್ಕೂಟ 2014ರ ಸೆಪ್ಟೆಂಬರ್ 1ರಿಂದ ಗೃಹಬಳಕೆಯ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ 1,600 ವ್ಯಾಟ್, 2017ರ ಸೆಪ್ಟೆಂಬರ್ 1ರಿಂದ 900 ವ್ಯಾಟ್ ಮಿತಿಯನ್ನು ವಿಧಿಸಿತು. ಮೊದಲ ಮಿತಿ ಜಾರಿಯಾಗುವ ಮುನ್ನ ಬ್ರಿಟನ್ನಿನ ಗ್ರಾಹಕರು ಹೆಚ್ಚು ವ್ಯಾಟಿನ ಯಂತ್ರಗಳಿಗಾಗಿ ಮುಗಿಬಿದ್ದರು. ಆದರೆ ನಿಯಮ ವಿದ್ಯುತ್ತಿಗೆ ಮಾತ್ರ ಮಿತಿ ಹಾಕಿರಲಿಲ್ಲ. ಗಟ್ಟಿ ನೆಲದ ಬಿರುಕಿನಿಂದ ಕನಿಷ್ಠ ಶೇ. 98ರಷ್ಟು, ರತ್ನಗಂಬಳಿಯಿಂದ ಕನಿಷ್ಠ ಶೇ. 75ರಷ್ಟು ಧೂಳು ಎತ್ತಬೇಕು, ಸದ್ದು 80 ಡೆಸಿಬಲ್ ಮೀರಬಾರದು, ಒಳಸೆಳೆದ ಧೂಳಿನಲ್ಲಿ ಶೇ. 1ಕ್ಕಿಂತ ಹೆಚ್ಚು ಹೊರಬೀಳಬಾರದು ಎಂಬ ಷರತ್ತುಗಳೂ ಅದರಲ್ಲಿದ್ದವು. ತಯಾರಕರು ಫ್ಯಾನು, ಗಾಳಿಯ ದಾರಿ ಮತ್ತು ನೆಲದ ಮೂತಿಯನ್ನು ತಿದ್ದಿ ಈ ಮಿತಿಯೊಳಗೇ ಯಂತ್ರಗಳನ್ನು ಮಾರುಕಟ್ಟೆಗೆ ತಂದರು.

ಇದೇ ಸಂದರ್ಭದ ಇನ್ನೊಂದು ಘಟನೆಯೂ ಗಮನಾರ್ಹ. ಈ ಯಂತ್ರಗಳಿಗೆ ಅಂಟಿಸುತ್ತಿದ್ದ ಇಂಧನ ದಕ್ಷತೆಯ ಚೀಟಿಯನ್ನು ಡೈಸನ್ ಸಂಸ್ಥೆ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಧೂಳಿನ ಡಬ್ಬಿ ಖಾಲಿಯಿರುವಾಗ ನಡೆಸುವ ಪರೀಕ್ಷೆ ಬಳಕೆಯ ನಿಜಸ್ಥಿತಿಯನ್ನು ತೋರಿಸುವುದಿಲ್ಲ ಎಂಬ ವಾದವನ್ನು ಒಪ್ಪಿದ ಐರೋಪ್ಯ ಒಕ್ಕೂಟದ ಜನರಲ್ ಕೋರ್ಟ್ 2018ರ ನವೆಂಬರ್ 8ರಂದು ಆ ಚೀಟಿಯ ನಿಯಮವನ್ನು ರದ್ದುಪಡಿಸಿತು. ಖಾಲಿ ಡಬ್ಬಿಯ ಅಂಕಿಗೂ ತುಂಬಿದ ಡಬ್ಬಿಯ ಅಂಕಿಗೂ ಇರುವ ಅಂತರ ಪುಟ್ಟ ಯಂತ್ರಗಳಲ್ಲಿ ಹೆಚ್ಚು ಮುಖ್ಯವಾಗುತ್ತದೆ. ಅದಕ್ಕೆ ಕಾರಣ ಮುಂದೆ ತಿಳಿಯುತ್ತದೆ.

ಫ್ಯಾನು ಕುಗ್ಗಿದರೆ ವೇಗ ಏರಬೇಕು

ಯಂತ್ರದ ಗಾತ್ರವನ್ನು ನಿರ್ಧರಿಸುವ ಮೊದಲ ಅಂಶ ಮೋಟಾರು ಮತ್ತು ಅದಕ್ಕೆ ಜೋಡಿಸಿದ ಫ್ಯಾನು. ಫ್ಯಾನು ಉಂಟುಮಾಡುವ ಒತ್ತಡ ಅದರ ಅಂಚಿನ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. 100 ಮಿ.ಮೀ. ವ್ಯಾಸದ ಫ್ಯಾನು ನಿಮಿಷಕ್ಕೆ 35,000 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 183 ಮೀಟರ್. ವ್ಯಾಸವನ್ನು 40 ಮಿ.ಮೀ.ಗೆ ಇಳಿಸಿ ಅದೇ ಒತ್ತಡ ಪಡೆಯಬೇಕಾದರೆ ನಿಮಿಷಕ್ಕೆ 87,500 ಸುತ್ತು ಬೇಕು. ಅಷ್ಟು ಮಾಡಿದರೂ, ಫ್ಯಾನಿನ ಆಕಾರ ಹಿಂದಿನಂತೆಯೇ ಇದ್ದರೆ, ಗಾಳಿಯ ಹರಿವು ಮೊದಲಿನ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಪುಟ್ಟ ಯಂತ್ರಗಳಲ್ಲಿ ಫ್ಯಾನಿನ ಎಲೆಗಳ ಆಕಾರವನ್ನು ಹೊಸದಾಗಿ ರೂಪಿಸಿ, ವೇಗವನ್ನು ಇನ್ನೂ ಏರಿಸಬೇಕಾಯಿತು. ಡೈಸನ್ ಸಂಸ್ಥೆ 2018ರಲ್ಲಿ ಹೊರತಂದ ವಿ10 ಯಂತ್ರದ ಮೋಟಾರು ನಿಮಿಷಕ್ಕೆ 1,25,000 ಸುತ್ತಿನವರೆಗೆ ತಿರುಗುತ್ತದೆ.

ಈ ವೇಗಕ್ಕೆ ತೆರುವ ಬೆಲೆ ಮೂರು ಬಗೆಯದು. ಮೊದಲನೆಯದು ಸಮತೋಲನ. ನಿಮಿಷಕ್ಕೆ 1,00,000 ಸುತ್ತು ತಿರುಗುವ ಫ್ಯಾನಿನಲ್ಲಿ, ಕೇಂದ್ರದಿಂದ 20 ಮಿ.ಮೀ. ದೂರದಲ್ಲಿ, ಕೇವಲ 10 ಮಿಲಿಗ್ರಾಂ ತೂಕ ಹೆಚ್ಚಿದ್ದರೂ ಬೇರಿಂಗಿನ ಮೇಲೆ ಸುಮಾರು 22 ನ್ಯೂಟನ್, ಅಂದರೆ ಎರಡು ಕಿಲೋ ತೂಕವನ್ನು ಮೀರಿದ ಬಲ ಬೀಳುತ್ತದೆ. ಅಚ್ಚಿನಲ್ಲಿ ಉಳಿದ ಒಂದು ಚೂರು ಪ್ಲಾಸ್ಟಿಕ್ ಸಾಕು, ಬೇರಿಂಗ್ ಅಕಾಲದಲ್ಲಿ ಸವೆಯಲು.

ಎರಡನೆಯದು ಮೋಟಾರಿನ ಬಗೆ. ಕಾರ್ಬನ್ ಬ್ರಷ್ ಇರುವ ಮಾಮೂಲಿ ಮೋಟಾರು ಅಗ್ಗ. ಮನೆಯ ವಿದ್ಯುತ್ತಿಗೆ ನೇರವಾಗಿ ಜೋಡಿಸಬಹುದು. ಬ್ರಷ್ ಸವೆದರೆ ಊರಿನ ರಿಪೇರಿ ಅಂಗಡಿಯಲ್ಲೇ ಬದಲಿಸಬಹುದು. ಆದರೆ ವೇಗ ಏರಿದಂತೆ ಬ್ರಷ್ ಬೇಗ ಸವೆಯುತ್ತದೆ. ಬ್ರಷ್ ಇಲ್ಲದ ಮೋಟಾರು ಪುಟ್ಟದು, ದಕ್ಷತೆಯಲ್ಲಿ ಮೇಲು. ಆದರೆ ಅದಕ್ಕೆ ವಿದ್ಯುನ್ಮಾನ ನಿಯಂತ್ರಕ ಬೇಕು, ಬಲವಾದ ಕಾಯಂ ಆಯಸ್ಕಾಂತವೂ ಬೇಕು. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ವಿರಳ ಭೂಖನಿಜಗಳು ಹಾಗೂ ಅವುಗಳಿಂದ ತಯಾರಿಸಿದ ಆಯಸ್ಕಾಂತಗಳ ರಫ್ತಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿದಾಗ ಭಾರತದ ವಾಹನೋದ್ಯಮ ಪೂರೈಕೆಯ ಆತಂಕ ಎದುರಿಸಿತು. ಇಂಥ ಆಯಸ್ಕಾಂತವನ್ನು ನೆಚ್ಚಿದ ಯಾವುದೇ ಯಂತ್ರದ ತಯಾರಕರು ಈ ಅಪಾಯವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಮೂರನೆಯದು ಸದ್ದು. ಫ್ಯಾನಿನ ಪ್ರತಿ ಎಲೆ ಗಾಳಿಯನ್ನು ಕತ್ತರಿಸುವಾಗ ಒಂದು ಸ್ವರ ಹುಟ್ಟುತ್ತದೆ. ಎಲೆಗಳ ಸಂಖ್ಯೆಯನ್ನು ಸೆಕೆಂಡಿನ ಸುತ್ತುಗಳಿಂದ ಗುಣಿಸಿದರೆ ಆ ಸ್ವರದ ಕಂಪನಾಂಕ ಸಿಗುತ್ತದೆ. ಡೈಸನ್ ಸಂಸ್ಥೆ 2016ರಲ್ಲಿ ತಂದ ಕೂದಲೊಣಗಿಸುವ ಯಂತ್ರದ ಮೋಟಾರಿಗೆ ವಾಡಿಕೆಯ 11ರ ಬದಲು 13 ಎಲೆಗಳನ್ನಿಟ್ಟಿತು. ನಿಮಿಷಕ್ಕೆ 1,10,000 ಸುತ್ತಿನಲ್ಲಿ ಆ ಸ್ವರ ಸುಮಾರು 23,800 ಹರ್ಟ್ಸ್‌ಗೆ ಏರಿ ಮನುಷ್ಯರ ಕಿವಿಯ ಮಿತಿಯಾದ 20,000 ಹರ್ಟ್ಸ್ ಅನ್ನು ದಾಟುತ್ತದೆ. ವೇಗದಿಂದಾದ ತೊಂದರೆಗೆ ಇಲ್ಲಿ ವೇಗವೇ ಪರಿಹಾರವಾಗಿದೆ. ಆದರೆ ಗಾಳಿ ರಭಸದಿಂದ ಹೊರನುಗ್ಗುವ ಸದ್ದು ಇದರಿಂದ ಅಡಗುವುದಿಲ್ಲ. ಅದಕ್ಕೆ ಅಗಲವಾದ ದಾರಿಯೂ ಸ್ಪಂಜಿನ ಒಳಪದರವೂ ಬೇಕು. ಪುಟ್ಟ ಯಂತ್ರದಲ್ಲಿ ಅವೆರಡಕ್ಕೂ ಜಾಗದ ಅಭಾವ.

ಕೊಳವೆ, ಫಿಲ್ಟರ್ ಮತ್ತು ಸುಳಿ

ಮೋಟಾರು ಎಷ್ಟೇ ಬಲವಾಗಿದ್ದರೂ ಗಾಳಿಯ ದಾರಿ ಇಕ್ಕಟ್ಟಾದರೆ ಪ್ರಯೋಜನವಿಲ್ಲ. ಒಂದೇ ಪ್ರಮಾಣದ ಗಾಳಿ ಹರಿಯುವಾಗ ಕೊಳವೆಯಲ್ಲಿ ಆಗುವ ಒತ್ತಡದ ನಷ್ಟ ಅದರ ಒಳವ್ಯಾಸದ ಸುಮಾರು ಐದನೇ ಘಾತಕ್ಕೆ ವಿಲೋಮವಾಗಿರುತ್ತದೆ. 32 ಮಿ.ಮೀ. ಕೊಳವೆಯ ಬದಲು 28 ಮಿ.ಮೀ. ಕೊಳವೆ ಹಾಕಿದರೆ ಉಳಿದದ್ದು ಕೇವಲ 4 ಮಿ.ಮೀ.; ಒತ್ತಡದ ನಷ್ಟ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು. ತೆಳುವಾದ ಕೊಳವೆ ಹಗುರ, ಬಳುಕುವುದು ಸುಲಭ, ಸುತ್ತಿಡಲೂ ಅನುಕೂಲ. ಆ ಅನುಕೂಲದ ಬೆಲೆಯನ್ನು ಮೋಟಾರು ತೆರುತ್ತದೆ.

ಫಿಲ್ಟರ್‌ನ ಲೆಕ್ಕ ಇನ್ನೂ ಬಿಗಿಯಾದದ್ದು. ಫಿಲ್ಟರ್‌ನ ವಿಸ್ತೀರ್ಣವನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅದರ ಮೂಲಕ ಎರಡು ಪಟ್ಟು ವೇಗದಲ್ಲಿ ಹಾಯಬೇಕು. ಅಷ್ಟೇ ಧೂಳು ಅರ್ಧ ಜಾಗದಲ್ಲಿ ಕೂರುವುದರಿಂದ ಅದರ ಪದರವೂ ಎರಡು ಪಟ್ಟು ದಪ್ಪವಾಗುತ್ತದೆ. ಎರಡೂ ಸೇರಿ, ಅದೇ ಪ್ರಮಾಣದ ಧೂಳಿಗೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಅಂಗಡಿಯಲ್ಲಿ ಚೆನ್ನಾಗಿ ಹೀರಿ ತೋರಿಸಿದ ಪುಟ್ಟ ಯಂತ್ರ ಮನೆಯಲ್ಲಿ ಕೆಲವೇ ದಿನಗಳಲ್ಲಿ ಸೊರಗಿದಂತೆ ಕಾಣಲು ಇದೇ ಮುಖ್ಯ ಕಾರಣ. ಅನೇಕ ಯಂತ್ರಗಳಲ್ಲಿ ಹೀರಿದ ಗಾಳಿಯೇ ಮೋಟಾರನ್ನು ತಂಪಾಗಿಡುವುದರಿಂದ, ಫಿಲ್ಟರ್ ಕಟ್ಟಿಕೊಂಡರೆ ಮೋಟಾರು ಕಾಯ್ದು ತಾನಾಗಿಯೇ ನಿಂತುಹೋಗುವುದೂ ಉಂಟು. ಗ್ರಾಹಕರು ಅದನ್ನು ಮೋಟಾರಿನ ದೋಷವೆಂದು ತಿಳಿದು ಅಂಗಡಿಗೆ ತರುತ್ತಾರೆ.

ಈ ತೊಡಕನ್ನು ನಿವಾರಿಸಲು ಬಂದದ್ದು ಸುಳಿಗಾಳಿಯ ವಿಧಾನ, ಅಂದರೆ ಸೈಕ್ಲೋನ್. ಗರಗಸದ ಕಾರ್ಖಾನೆಗಳಲ್ಲಿ ಮರದ ಪುಡಿಯನ್ನು ಬೇರ್ಪಡಿಸುವ ಈ ಉಪಾಯವನ್ನು ಮನೆಯ ಯಂತ್ರಕ್ಕೆ ಅಳವಡಿಸಲು ಜೇಮ್ಸ್ ಡೈಸನ್ ಅವರು 5,127 ಮಾದರಿಗಳನ್ನು ಮಾಡಿದರು. ಅವರ ಸಂಸ್ಥೆಯ ಮೊದಲ ಯಂತ್ರ ಡಿಸಿ01 ಮಾರುಕಟ್ಟೆಗೆ ಬಂದದ್ದು 1993ರಲ್ಲಿ. ಇಲ್ಲಿ ಗಾತ್ರ ಕುಗ್ಗಿಸುವುದರಿಂದ ಒಂದು ಲಾಭವಿದೆ. ಸೆಕೆಂಡಿಗೆ 20 ಮೀಟರ್ ವೇಗದ ಗಾಳಿ 10 ಸೆಂ.ಮೀ. ತ್ರಿಜ್ಯದಲ್ಲಿ ಸುತ್ತಿದರೆ ಧೂಳಿನ ಕಣದ ಮೇಲೆ ಗುರುತ್ವದ ಸುಮಾರು 400 ಪಟ್ಟು ಬಲ ಬೀಳುತ್ತದೆ, 1 ಸೆಂ.ಮೀ. ತ್ರಿಜ್ಯದಲ್ಲಿ ಸುಮಾರು 4,000 ಪಟ್ಟು. ಆದ್ದರಿಂದ ಪುಟ್ಟ ಸುಳಿಗಳು ನಯವಾದ ಧೂಳನ್ನು ಚೆನ್ನಾಗಿ ಬೇರ್ಪಡಿಸುತ್ತವೆ. ಆದರೆ ಒಂದೊಂದರಲ್ಲೂ ಹರಿಯುವ ಗಾಳಿ ಅತ್ಯಲ್ಪವಾದ್ದರಿಂದ ಹಲವನ್ನು ಜೋಡಿಸಬೇಕು. ಕೂದಲು, ಕಸಕಡ್ಡಿ ಅವುಗಳ ಬಾಯಿಗೆ ಸಿಕ್ಕಿಕೊಳ್ಳದಂತೆ ಮೊದಲು ಒಂದು ದೊಡ್ಡ ಸುಳಿಯನ್ನೂ ಇಡಬೇಕು. ಗಾಳಿಯನ್ನು ಸುತ್ತಿಸಲು ವ್ಯಯವಾಗುವ ಒತ್ತಡವೂ ಮೋಟಾರಿನ ಖಾತೆಗೇ ಸೇರುತ್ತದೆ.

ಬ್ಯಾಟರಿಯ ಆಯವ್ಯಯ

ತಂತಿಯ ಹಂಗು ತಪ್ಪಿಸುವುದು ಚಲನೆಯ ದೃಷ್ಟಿಯಿಂದ ಬಹು ದೊಡ್ಡ ಸುಧಾರಣೆ. ಅದರ ವೆಚ್ಚವನ್ನು ಅಂಕಿಗಳಲ್ಲೇ ನೋಡುವುದು ಒಳ್ಳೆಯದು. 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದದ ಲಿಥಿಯಂ-ಅಯಾನ್ ಕೋಶವೊಂದು 3.6 ವೋಲ್ಟ್, 2.5 ಆಂಪಿಯರ್-ಗಂಟೆಯದಾದರೆ ಅದರಲ್ಲಿ 9 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ತೂಕ 45ರಿಂದ 50 ಗ್ರಾಂ. ಇಂಥ ಏಳು ಕೋಶಗಳ ಕಟ್ಟಿನಲ್ಲಿ 63 ವ್ಯಾಟ್-ಗಂಟೆ. ಯಂತ್ರ ಪೂರ್ಣ ಬಲದಲ್ಲಿ 500 ವ್ಯಾಟ್ ಸೆಳೆದರೆ ಏಳೂವರೆ ನಿಮಿಷಕ್ಕೆ ಬ್ಯಾಟರಿ ಬರಿದು. 100 ವ್ಯಾಟ್ ಸೆಳೆಯುವ ಮೆಲುಗತಿಯಲ್ಲಿ ಸುಮಾರು 38 ನಿಮಿಷ. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಕಾಣುವ ಓಟದ ಅವಧಿ ಸಾಮಾನ್ಯವಾಗಿ ಈ ಎರಡನೆಯ ಬಗೆಯದು.

ಪೂರ್ಣ ಬಲದಲ್ಲೇ ಅರ್ಧ ಗಂಟೆ ಓಡಬೇಕೆಂದರೆ ಇಂಥ 28 ಕೋಶಗಳು ಬೇಕು. ಬ್ಯಾಟರಿಯ ತೂಕವೇ 1.3 ಕಿಲೋ ಆಗುತ್ತದೆ, ಹಗುರ ಯಂತ್ರವೆಂಬ ಮಾತು ಅಲ್ಲಿಗೆ ಮುಗಿಯುತ್ತದೆ. ಕೆಲವು ನೂರು ಬಾರಿ ಚಾರ್ಜ್ ಆದ ಮೇಲೆ ಕೋಶಗಳ ಸಾಮರ್ಥ್ಯ ಕುಂದುವುದು ಸಹಜವಾದ್ದರಿಂದ, ಬಳಸುವವರೇ ಬ್ಯಾಟರಿಯನ್ನು ಕಳಚಿ ಬದಲಿಸುವ ಏರ್ಪಾಡು ಇದೆಯೇ ಎಂಬುದು ಯಂತ್ರದ ಆಯುಷ್ಯವನ್ನೇ ನಿರ್ಧರಿಸುತ್ತದೆ. ಭಾರತದಲ್ಲಿ ಇಂಥ ಕೋಶಗಳಿಗೆ ಐಎಸ್ 16046 ಮಾನಕ ಅನ್ವಯಿಸುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಹೊಣೆಯನ್ನು ತಯಾರಕರು ಹಾಗೂ ಆಮದುದಾರರ ಮೇಲೆ ಹೊರಿಸಿವೆ. ತಂತಿಯಿಲ್ಲದ ಯಂತ್ರದ ವ್ಯಾಪಾರಕ್ಕೆ ಇಳಿಯುವವರು ಈ ವೆಚ್ಚಗಳನ್ನೂ ಆರಂಭದಲ್ಲೇ ಸೇರಿಸಿಕೊಳ್ಳುವುದು ಲೇಸು.

ಕೈಗೆ ಬೀಳುವ ಭಾರ, ನೆಲದ ಹಿಡಿತ

ತಕ್ಕಡಿ ತೋರುವ ತೂಕವೂ ಕೈಗೆ ತಿಳಿಯುವ ತೂಕವೂ ಒಂದೇ ಅಲ್ಲ. 1.5 ಕಿಲೋ ತೂಕದ ಯಂತ್ರದ ಗುರುತ್ವ ಕೇಂದ್ರ ಹಿಡಿಯಿಂದ 20 ಸೆಂ.ಮೀ. ಮುಂದಿದ್ದರೆ ಮಣಿಕಟ್ಟಿನ ಮೇಲೆ ಬೀಳುವ ತಿರುಚುಬಲ, ಅದು 8 ಸೆಂ.ಮೀ. ಮುಂದಿದ್ದಾಗಿನ ಬಲದ ಎರಡೂವರೆ ಪಟ್ಟು. ಬ್ಯಾಟರಿಯನ್ನು ಹಿಡಿಯ ಕೆಳತುದಿಯಲ್ಲೂ ಮೋಟಾರನ್ನು ಕೈಯ ಸಮೀಪದಲ್ಲೂ ಇಡುವುದು ಈ ಕಾರಣಕ್ಕೆ. ಕೋಲಿನಾಕಾರದ ಯಂತ್ರದಲ್ಲಿ ಮೋಟಾರು ಮೇಲಿದ್ದರೆ ಸೀಲಿಂಗ್ ಫ್ಯಾನಿನ ರೆಕ್ಕೆ, ಸಜ್ಜದ ಮೇಲಿನ ಜೇಡರ ಬಲೆಗಳವರೆಗೂ ಕೈಚಾಚಬಹುದು, ಮಂಚದಡಿಗೂ ತೆಳುವಾದ ಕೋಲು ಹೋಗುತ್ತದೆ. ಆದರೆ ಭಾರ ಪೂರ್ತಿ ಕೈಯ ಮೇಲೆ. ಮೋಟಾರು ಕೆಳಗಿದ್ದರೆ ಭಾರವನ್ನು ನೆಲ ಹೊರುತ್ತದೆ. ಆದರೆ ಮೇಲೆತ್ತುವುದು ಕಷ್ಟ, ತಗ್ಗಿನ ಸಂದಿಗೆ ಹೋಗುವುದೂ ಕಷ್ಟ.

ನೂಕುವ ಯಂತ್ರಗಳಲ್ಲಿ ತಿರುವಿನ ಪ್ರಶ್ನೆ ಮುಖ್ಯ. ನಾಲ್ಕು ಚಕ್ರಗಳಿರುವ ಯಂತ್ರ ನೇರವಾಗಿ ಚೆನ್ನಾಗಿ ಓಡುತ್ತದೆ, ಪಕ್ಕಕ್ಕೆ ಹೊರಳುವುದಿಲ್ಲ. ಡೈಸನ್ ಸಂಸ್ಥೆ 2005ರ ಡಿಸಿ15 ಯಂತ್ರದಲ್ಲಿ ಚಕ್ರಗಳ ಜಾಗದಲ್ಲಿ ಒಂದೇ ಗೋಳವನ್ನಿಟ್ಟಿತು. ಅವರೇ 1970ರ ದಶಕದಲ್ಲಿ ರೂಪಿಸಿದ್ದ ಗೋಳಚಕ್ರದ ತಳ್ಳುಗಾಡಿ ಇದಕ್ಕೆ ಮೂಲ. ಮುಂದಿನ ಮಾದರಿಗಳಲ್ಲಿ ಮೋಟಾರನ್ನೂ ಗೋಳದೊಳಗೆ ಸೇರಿಸಿ ಗುರುತ್ವ ಕೇಂದ್ರವನ್ನು ತಗ್ಗಿಸಲಾಯಿತು. ಮಣಿಕಟ್ಟು ಹೊರಳಿಸಿದರೆ ಯಂತ್ರ ತಿರುಗುವ ಈ ಸೌಲಭ್ಯಕ್ಕಾಗಿ ಗಾಳಿಯ ದಾರಿ ಹೆಚ್ಚು ಸುತ್ತುಬಳಸಿನದಾಯಿತು, ಬಿಡಿಭಾಗಗಳೂ ಹೆಚ್ಚಿದವು.

ನೆಲಕ್ಕೆ ತಾಗುವ ಮೂತಿಯಲ್ಲೂ ಇಂಥದೇ ಹಗ್ಗಜಗ್ಗಾಟವಿದೆ. 25 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಬಾಯಿಯಲ್ಲಿ 10 ಕಿಲೋಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ನಿಂತರೆ ಮೂತಿಯನ್ನು ನೆಲಕ್ಕೆ ಅದುಮುವ ಬಲ 50 ನ್ಯೂಟನ್, ಅಂದರೆ ಐದು ಕಿಲೋ ತೂಕದಷ್ಟು. ಮೂತಿ ನೆಲಕ್ಕೆ ಬಿಗಿಯಾಗಿ ಕೂತಷ್ಟೂ ಒತ್ತಡ ಹೆಚ್ಚು, ನೂಕುವುದು ಕಷ್ಟ. ಮುಂಭಾಗದಲ್ಲಿ ತೆರಪು ಬಿಟ್ಟರೆ ಸರಾಗವಾಗಿ ಸರಿಯುತ್ತದೆ, ಅಕ್ಕಿಕಾಳಿನಂಥ ದಪ್ಪ ಕಸವೂ ಒಳಬರುತ್ತದೆ. ಒತ್ತಡ ಮಾತ್ರ ಇಳಿಯುತ್ತದೆ.

ವರ್ತಕರಿಗೂ ತಯಾರಕರಿಗೂ ಕೆಲವು ಸೂಚನೆಗಳು

ಪಾಶ್ಚಾತ್ಯ ಯಂತ್ರಗಳ ವಿನ್ಯಾಸ ಬಹುಮಟ್ಟಿಗೆ ಗೋಡೆಯಿಂದ ಗೋಡೆಗೆ ಹಾಸಿದ ರತ್ನಗಂಬಳಿಯನ್ನು ಗಮನದಲ್ಲಿಟ್ಟುಕೊಂಡು ಬೆಳೆದದ್ದು. ನಮ್ಮ ಮನೆಗಳಲ್ಲಿ ಮೊಸಾಯಿಕ್, ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್‌ನ ಗಟ್ಟಿ ನೆಲವೇ ಹೆಚ್ಚು. ಗಂಬಳಿಯ ಎಳೆಗಳಿಂದ ಧೂಳನ್ನು ಬಡಿದೆಬ್ಬಿಸುವ ಬಿರುಸಾದ ಬ್ರಷ್ಷು ಇಲ್ಲಿ ಅಗತ್ಯವಿಲ್ಲ. ಮೆದುವಾದ ಉರುಳೆ ಮತ್ತು ಒಳ್ಳೆಯ ಹರಿವು ಸಾಕು. ಅದೇ ವೇಳೆ ಕಿಟಕಿಯ ಸೊಳ್ಳೆಜಾಲರಿ, ಫ್ಯಾನು, ಸೋಫಾ, ರಸ್ತೆಯಿಂದ ಬರುವ ನಯವಾದ ಧೂಳು ಇಲ್ಲಿನ ಮುಖ್ಯ ಕೆಲಸಗಳಾದ್ದರಿಂದ, ಉಳಿಸಿದ ತೂಕವನ್ನೂ ಜಾಗವನ್ನೂ ದೊಡ್ಡ ಫಿಲ್ಟರ್‌ಗೆ ಕೊಡುವುದು ಸೂಕ್ತ.

ಮಾಲು ತರಿಸುವ ವರ್ತಕರು ವ್ಯಾಟ್ ಜೊತೆಗೆ ಗರಿಷ್ಠ ಒತ್ತಡ ಮತ್ತು ಹರಿವು, ಪೂರ್ಣ ಬಲದಲ್ಲಿ ಬ್ಯಾಟರಿ ಓಡುವ ಅವಧಿ, ಫಿಲ್ಟರ್ ತೊಳೆಯಬಹುದೇ ಎಂಬುದು, ಬಿಡಿ ಫಿಲ್ಟರ್ ಹಾಗೂ ಬ್ಯಾಟರಿಯ ಬೆಲೆ ಮತ್ತು ಲಭ್ಯತೆ, ಇವನ್ನು ಸರಬರಾಜುದಾರರಿಂದ ಬರವಣಿಗೆಯಲ್ಲೇ ಪಡೆಯಬೇಕು. ಸಾಧ್ಯವಾದರೆ ಡಬ್ಬಿಯನ್ನು ಅರ್ಧ ತುಂಬಿಸಿದ ಮೇಲೆ ಯಂತ್ರವನ್ನು ಓಡಿಸಿ ನೋಡುವುದು ಉತ್ತಮ.

ಸಣ್ಣ ತಯಾರಕರಿಗೆ ಅತಿವೇಗದ ಮೋಟಾರಿನಲ್ಲಿ ದೊಡ್ಡ ಸಂಸ್ಥೆಗಳೊಡನೆ ಸ್ಪರ್ಧಿಸುವುದು ಸುಲಭವಲ್ಲ. ಆದರೆ ಕೊಳವೆ, ಮೂತಿ, ಉರುಳೆ, ಫಿಲ್ಟರ್ ಚೌಕಟ್ಟು, ಗಾಳಿ ಸೋರದಂತೆ ತಡೆಯುವ ರಬ್ಬರ್ ಪಟ್ಟಿ ಇವೆಲ್ಲ ಕಾರ್ಯಾಗಾರದ ಅಳವಿನಲ್ಲಿರುವ ವಸ್ತುಗಳು. ಐರೋಪ್ಯ ನಿಯಮ ಕೊಳವೆಗೆ 40,000 ಬಾಗುವಿಕೆ ತಾಳುವ, ಮೋಟಾರಿಗೆ 500 ಗಂಟೆ ಓಡುವ ಗುರಿಯನ್ನು ಇಟ್ಟಿತ್ತು. ದಿನಕ್ಕೆ 20 ನಿಮಿಷದ ಬಳಕೆಯಲ್ಲಿ 500 ಗಂಟೆಯೆಂದರೆ 1,500 ದಿನ, ನಾಲ್ಕು ವರ್ಷಕ್ಕೂ ಮಿಗಿಲು. ಇಂಥ ಅಳತೆಗೋಲನ್ನು ತಾವಾಗಿಯೇ ಒಪ್ಪಿ ಪರೀಕ್ಷಿಸಿ, ಫಲಿತಾಂಶವನ್ನು ಕಾಗದದಲ್ಲಿ ಕೊಡಬಲ್ಲ ತಯಾರಕರಿಗೆ ಖರೀದಿದಾರರ ವಿಶ್ವಾಸ ಗಳಿಸುವುದು ಸುಲಭ. ಯಂತ್ರದ ಗಾತ್ರ ಎಷ್ಟು ಕುಗ್ಗಿದೆ ಎಂಬುದನ್ನು ಗ್ರಾಹಕರು ಅಂಗಡಿಯಲ್ಲೇ ಕಣ್ಣಾರೆ ಕಾಣುತ್ತಾರೆ. ಅದಕ್ಕಾಗಿ ಬಿಟ್ಟುಕೊಟ್ಟದ್ದೇನು ಎಂಬುದನ್ನು ಕೊಳ್ಳುವ ಮುನ್ನವೇ ತಿಳಿಸುವ ವರ್ತಕರ ಅಂಗಡಿಗೆ ಅವರು ಮತ್ತೆ ಬರುತ್ತಾರೆ.